ಆಟದ ಪೀರಿಯಡ್ಡು

ಮೂವತ್ತೊಂದು ವರ್ಷ ನಾನು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೆ. ಅಷ್ಟು ವರ್ಷದಲ್ಲಿ ಮಕ್ಕಳಿಗೆ ಆಟ ಆಡಿಸಿದ್ದೆಷ್ಟು ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ. ನಮ್ಮಲ್ಲಿ ವೆಂಕಟಗಿರಿ ಎಂಬ ಗಣಿತದ ಮೇಷ್ಟ್ರಿದ್ದರು. ಬಲು ಒಳ್ಳೆಯ ಮನುಷ್ಯ. ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೀಟಿಯನ್ನು ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಬಂದು, "ಗೋಪೀನಾಥ್, ಪೋರ್ಷನ್ ಮುಗಿದಿಲ್ಲ ಕಣ್ರೀ" ಎನ್ನುತ್ತಿದ್ದರು. ನಾನು "ತಗೊಳ್ಳಿ ಸಾರ್" ಎನ್ನುತ್ತಿದ್ದೆ. ಮಕ್ಕಳು ಬಂದ ದಾರಿಯಲ್ಲೇ ಸಾಲಾಗಿ ವಾಪಸು ಹೋಗುತ್ತಿದ್ದರು. ವಿಜ್ಞಾನದವರದು ಮುಗಿಯದಿದ್ದರೂ ಅಷ್ಟೆ, ಇಂಗ್ಲಿಷಿನವರದು ಮುಗಿಯದಿದ್ದರೂ ಅಷ್ಟೆ. ಇಡೀ ಶಾಲೆಯ ಪೋರ್ಷನ್ ಮುಗಿಯುತ್ತಿದ್ದದ್ದು ನನ್ನ ಪೀರಿಯಡ್ಡಿನಲ್ಲಿ. ಆಗಸ್ಟ್ ಹದಿನೈದಕ್ಕೆ ಮುಂಚಿನ ಹತ್ತು ದಿನ ಮಾತ್ರ ಮಕ್ಕಳು ಪೂರ್ತಿ ನನ್ನ ಕೈಗೆ ಸಿಗುತ್ತಿದ್ದರು, ಅದೂ ಕವಾಯತಿಗೆ. ನಿವೃತ್ತಿಯ ದಿನ ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಇಂಥ ಸಹಕಾರ ಮನೋಭಾವದ ಶಿಕ್ಷಕರು ಅಪರೂಪ ಎಂದು ಹೊಗಳಿದರು. ಹೊಗಳಿದವರು ವೆಂಕಟಗಿರಿಯವರೇ.

ಈಗ ನಾನಿರುವುದು ಮಗನ ಮನೆಯಲ್ಲಿ, ಮಲ್ಲತ್ತಹಳ್ಳಿ ಕೆರೆಗೂ ಶ್ರೀಗಂಧದ ಕಾವಲಿಗೂ ನಡುವಿನ ಒಂದು ಬಡಾವಣೆಯಲ್ಲಿ. ನನ್ನ ಅಕ್ಷರ ದುಂಡಗಿದೆ, ಕೈಯಲ್ಲಿ ಹೊತ್ತು ಬೇಕಾದಷ್ಟಿದೆ, ಯಾರು ಏನು ಕೇಳಿದರೂ ಇಲ್ಲವೆನ್ನುವುದಿಲ್ಲ. ಈ ಅರ್ಹತೆಗಳನ್ನು ನೋಡಿ ನಿವಾಸಿಗಳ ಸಂಘದವರು ನನ್ನನ್ನು ಕಾರ್ಯದರ್ಶಿ ಮಾಡಿದರು. ನಮ್ಮ ಮನೆಯೆದುರಿಗೇ ಒಂದು ಖಾಲಿ ಜಾಗ. ಬಡಾವಣೆ ಮಾಡುವಾಗ ಸಾರ್ವಜನಿಕ ಉಪಯೋಗಕ್ಕೆಂದು ಬಿಟ್ಟದ್ದು, ಎಲ್ಲರೂ ಸಿ.ಎ. ಸೈಟು ಎನ್ನುತ್ತಾರೆ. ಅಲ್ಲೊಂದು ಹಳೆಯ ಹೊಂಗೆ ಮರ, ಅದರ ಬುಡದಲ್ಲಿ ಗಣಿಕೆ ಗಿಡಗಳು, ಮಳೆ ಬಂದರೆ ನೀರು ನಿಲ್ಲುವ ಒಂದು ಗುಂಡಿ, ಗುಂಡಿಯಲ್ಲಿ ಕಪ್ಪೆಗಳು. ಪಕ್ಕದಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅದಕ್ಕೆ ಕೊಟ್ಟೂರು ಕಡೆಯ ಕೊಟ್ರೇಶ್ ಎಂಬವನು ವಾಚ್‌ಮನ್. ಅವನ ಶೆಡ್ಡಿನ ಜೊತೆಗೆ ಕೂಲಿಯವರ ಶೆಡ್ಡುಗಳು, ಶೆಡ್ಡುಗಳ ತುಂಬ ಮಕ್ಕಳು. ಸಂಜೆ ನಾಲ್ಕಾಯಿತೆಂದರೆ ಅಷ್ಟೂ ಮಕ್ಕಳು ಸಿ.ಎ. ಸೈಟಿನಲ್ಲಿ. ಅವರಿಗೆಲ್ಲ ನಾಯಕಿ ಕೊಟ್ರೇಶನ ಒಂಬತ್ತು ವರ್ಷದ ಮಗಳು ದ್ಯಾಮಿ.

ಆ ಹುಡುಗಿ ಮರಕೋತಿ ಆಡುವುದನ್ನು ನೋಡಬೇಕು. ಎಸೆದ ಕೋಲನ್ನು ಕಳ್ಳನಾದವನು ಹೆಕ್ಕಿ ತರುವಷ್ಟರಲ್ಲಿ ಅವಳು ಮೂರನೆಯ ಕೊಂಬೆಯ ಮೇಲಿರುತ್ತಿದ್ದಳು. ಅವನು ಹತ್ತಿದರೆ ಇನ್ನೊಂದು ಕಡೆಯಿಂದ ಧುಮುಕಿ, ಕೋಲನ್ನು ಮುಟ್ಟಿ, ನಗುತ್ತ ನಿಲ್ಲುತ್ತಿದ್ದಳು. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಇಂಥ ಒಂದು ಮಗು ನನಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದರೂ ಗಣಿತಕ್ಕೆ ಕಳಿಸಿರುತ್ತಿದ್ದೆ, ಆ ಮಾತು ಬೇರೆ.

ನಾನು ಅವಳಿಗೆ ಮಾಡಿದ ಉಪಕಾರ ಇಷ್ಟು: ದಿನಾ ಐದು ಗಂಟೆಗೆ ಬಾಲ್ಕನಿಯಲ್ಲಿ ನಿಂತು ಸೀಟಿ ಊದಿ ಓಡಿಸುತ್ತಿದ್ದೆ. ಚೆಂಡು ಕಾರಿಗೆ ಬೀಳುತ್ತದೆ, ಗಲಾಟೆಗೆ ಫೋನಿನ ಮೀಟಿಂಗುಗಳು ನಡೆಯುವುದಿಲ್ಲ ಎಂದು ನಿವಾಸಿಗಳ ದೂರು. ಕಾರ್ಯದರ್ಶಿಯ ಬಳಿ ಸೀಟಿಯೂ ಇತ್ತಲ್ಲ. ಸರ್ವಿಸಿನಲ್ಲಿ ಆಟ ಶುರುಮಾಡಲು ಊದಲಾಗದ ಸೀಟಿಯನ್ನು ಹೀಗೆ ಆಟ ನಿಲ್ಲಿಸಲು ಊದಿ ಪುಣ್ಯ ಕಟ್ಟಿಕೊಂಡೆ.

ಬಾಲ್ಕನಿಯಲ್ಲಿ ನನ್ನ ಪಕ್ಕ ಮೊಮ್ಮಗಳು ಇಂಚರಾ ನಿಂತಿರುತ್ತಿದ್ದಳು. ಅವಳಿಗೆ ಎಂಟು ವರ್ಷ. ಅವಳ ವಾರದ ವೇಳಾಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಸೋಮವಾರ ಅಬಾಕಸ್, ಮಂಗಳವಾರ ಕೀಬೋರ್ಡ್, ಹೀಗೆ ಭಾನುವಾರದವರೆಗೂ ಉಸಿರಾಡಲು ಜಾಗವಿಲ್ಲ. ಎರಡು ಕ್ಲಾಸುಗಳ ನಡುವೆ ಹಾಲು ಕುಡಿಯುವ ಹತ್ತು ನಿಮಿಷ ಮಾತ್ರ ಅವಳದು. ಆ ಹತ್ತು ನಿಮಿಷವನ್ನು ಅವಳು ಬೇರೆ ಮಕ್ಕಳು ಟಿ.ವಿ. ನೋಡುವ ಹಾಗೆ ಸಿ.ಎ. ಸೈಟನ್ನು ನೋಡುತ್ತ ಕಳೆಯುತ್ತಿದ್ದಳು.

"ತಾತ, ಇನ್ನೈದೇ ನಿಮಿಷ ಬಿಟ್ಟು ಊದಿ, ಪ್ಲೀಸ್. ದ್ಯಾಮಿ ಈಗ ಔಟಾಗೋದ್ರಲ್ಲಿದಾಳೆ."

ಒಂದು ದಿನ ತಡೆಯಲಾರದೆ ಇಳಿದು ಹೋಗಿಯೇಬಿಟ್ಟಳು. ಬರುವಾಗ ನಾಲಿಗೆ ನೇರಳೆ ಬಣ್ಣ. ದ್ಯಾಮಿ ಒಂದು ಬೊಗಸೆ ಗಣಿಕೆ ಹಣ್ಣು ತಿನ್ನಿಸಿದ್ದಳಂತೆ. ನನ್ನ ಸೊಸೆ ರಾಗಿಣಿ ಕಾಲೇಜಿನಲ್ಲಿ ಗಣಿತದ ಉಪನ್ಯಾಸಕಿ, ಬುದ್ಧಿವಂತೆ, ಮೆದು ಮನಸ್ಸಿನವಳು. ಆದರೆ ಗಣಿಕೆ ಹಣ್ಣನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಮಗುವನ್ನು ಎತ್ತಿಕೊಂಡು ಸೀದಾ ಆಸ್ಪತ್ರೆಗೆ ಓಡಿದಳು. ಡಾಕ್ಟರು ನಾಲಿಗೆ ನೋಡಿ ನಕ್ಕು, ನಾನೂ ಚಿಕ್ಕವನಿದ್ದಾಗ ತಿಂತಿದ್ದೆ ಎಂದು ಹೇಳಿ ಕಳಿಸಿದರು. ಅಂದಿನಿಂದ ಇಂಚರಾಗೆ ಕೆಳಗಿಳಿಯುವುದು ಬಂದ್. "ಯಾಕಮ್ಮ, ಮನೇಲೇ ಆಟದ ಸಾಮಾನು ಅಷ್ಟಿದೆಯಲ್ಲ" ಎಂದರೆ, "ಆಟದ ಸಾಮಾನು ಯಾರಿಗೆ ಬೇಕು ತಾತ? ನಂಗೆ ದ್ಯಾಮಿ ಬೇಕು" ಎಂದಳು.

ಆ ಹೊತ್ತಿಗೆ ಸುದ್ದಿ ಬಂತು, ಸಿ.ಎ. ಸೈಟಿನಲ್ಲಿ ಕಲ್ಯಾಣ ಮಂಟಪ ಕಟ್ಟಲು ಯಾರೋ ಅರ್ಜಿ ಹಾಕಿದ್ದಾರೆಂದು. ನಮ್ಮ ಸಂಘದ ಅಧ್ಯಕ್ಷ ಮೋಹನ್ ಕುಮಾರ್ ಹಳೆಯ ಹಳ್ಳಿಯವರು. ಅವರ ತಂದೆ ಹನುಮಂತಯ್ಯನವರು ಅಲ್ಲೇ ರಾಗಿ ಬಿತ್ತುತ್ತಿದ್ದರು. ಮೋಹನ್ ಕುಮಾರ್ ಬೆಳಗ್ಗೆಯೇ ನಮ್ಮ ಮನೆಗೆ ಬಂದರು.

"ಮೇಷ್ಟ್ರೇ, ಚೌಟ್ರಿ ಬಂದ್ರೆ ನಮ್ ಗೇಟಿನ ಮುಂದೆ ಮದ್ವೆ ಕಾರುಗಳು, ರಾತ್ರಿಯೆಲ್ಲ ವಾಲಗ. ಬಿಡಬಾರ್ದು. ಮಕ್ಳಿಗೆ ಪಾರ್ಕ್ ಬೇಕು ಅಂತ ಒಂದು ಲೆಟರ್ ಬರೀರಿ. ಮಕ್ಳು ಅಂದ್ರೆ ಯಾರೂ ಇಲ್ಲ ಅನ್ನಕ್ಕಾಗಲ್ಲ."

ಅಲ್ಲಿಯವರೆಗೆ ಯಾರ ನೆನಪಿಗೂ ಬಾರದಿದ್ದ ಮಕ್ಕಳು ಹೀಗೆ ಒಂದೇ ಬೆಳಗ್ಗೆ ಎಲ್ಲರ ಬಾಯಲ್ಲೂ ಬಂದರು. ನನಗೆ ಮಾತ್ರ ಇದು ಆಟವಾಗಿರಲಿಲ್ಲ. ಇದೊಂದು ಜಾಗ ಉಳಿದರೆ ಇಂಚರಾಗೆ ದ್ಯಾಮಿ ಸಿಗುತ್ತಾಳೆ, ನಾನು ಕಳೆದ ಪೀರಿಯಡ್ಡುಗಳಲ್ಲಿ ಒಂದಾದರೂ ವಾಪಸು ಬರುತ್ತದೆ ಎಂದು ಆಸೆಯಾಯಿತು. ಮೂರು ಪುಟ ಬರೆದೆ. ಪ್ರಕೃತಿಯ ಮಡಿಲು, ಅರಳುವ ಬಾಲ್ಯ ಎಂದೆಲ್ಲ ಬರೆದು ನನಗೇ ಕಣ್ಣು ಒದ್ದೆಯಾಯಿತು. ಐದು ಗಂಟೆಯಾಗಿತ್ತು. ಪೆನ್ನು ಮುಚ್ಚಿಟ್ಟು, ಎದ್ದು ಹೋಗಿ ಸೀಟಿ ಊದಿದೆ.

ಪತ್ರ ಕಳಿಸಿದ ಸರ್ಕಾರಿ ಕಚೇರಿಯಿಂದ ಉತ್ತರ ಬಂತು. ಸದರಿ ಜಾಗದಲ್ಲಿ ಮಕ್ಕಳು ನಿಜವಾಗಿ ಆಡುತ್ತಿದ್ದಾರೆಯೇ ಎಂದು ಎಂಜಿನಿಯರು ಸ್ಥಳಕ್ಕೆ ಬಂದು ಪರಿಶೀಲಿಸುತ್ತಾರೆ, ಬುಧವಾರ ಮಧ್ಯಾಹ್ನ ಮೂರೂವರೆಗೆ.

ಸಂಘ ತುರ್ತು ಸಭೆ ಸೇರಿ, ಭಾನುವಾರ ಬೆಳಗ್ಗೆ ರಿಹರ್ಸಲ್ ಎಂದು ತೀರ್ಮಾನಿಸಿತು. ಬಡಾವಣೆಯ ಹದಿನಾಲ್ಕು ಮಕ್ಕಳು ಬಿಳಿ ಶೂ ಹಾಕಿ, ನೀರಿನ ಬಾಟಲಿ ನೇತುಹಾಕಿಕೊಂಡು ಬಂದು, ಯಾರೂ ಹೇಳದೆಯೇ ಎತ್ತರದ ಪ್ರಕಾರ ಸಾಲಾಗಿ ನಿಂತರು. ಲಗೋರಿ ಆಡಿಸೋಣ ಎಂದೆ. ಲಗೋರಿಗೆ ಏಳು ಕಲ್ಲೋ ಒಂಬತ್ತೋ ಎಂದು ತಂದೆಯರಲ್ಲಿ ಜಗಳ ಹತ್ತಿತು. ಬಸವೇಶ್ವರನಗರದಲ್ಲಿ ಬೆಳೆದವರು ಏಳೆಂದರು, ವಿಜಯನಗರದವರು ಒಂಬತ್ತೆಂದರು. ಅರ್ಧ ಗಂಟೆ ವಾದಿಸಿ, ಬೆವತು, ತಂದೆಯರೇ ಎರಡು ಟೀಮಾಗಿ ಆಡತೊಡಗಿದರು. ಮಕ್ಕಳು ಹೊಂಗೆಯ ನೆರಳಿನಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಅನಿಕೇತ್ ಎಂಬ ಹತ್ತು ವರ್ಷದ ಹುಡುಗ ನನ್ನ ಅಂಗಿ ಜಗ್ಗಿ ಕೇಳಿದ: "ಅಂಕಲ್, ಇದಕ್ಕೆ ಸರ್ಟಿಫಿಕೇಟ್ ಕೊಡ್ತಾರಾ?"

ಇಲ್ಲವೆಂದೆ. ಅವನ ಉತ್ಸಾಹ ಅಲ್ಲಿಗೆ ಮುಗಿಯಿತು.

ಬುಧವಾರ ಮೂರು ಗಂಟೆಗೆ ಸಿ.ಎ. ಸೈಟಿನಲ್ಲಿ ನಾನು, ಮೋಹನ್ ಕುಮಾರ್, ಒಂದು ಹೊಸ ಚೆಂಡು. ಮಕ್ಕಳಿಲ್ಲ. ಒಬ್ಬನಿಗೆ ಕರಾಟೆ, ಒಬ್ಬಳಿಗೆ ಕೋಡಿಂಗ್, ಉಳಿದವರಿಗೆ ಗುರುವಾರ ಟೆಸ್ಟು. ಒಂದೊಂದು ಮನೆಗೂ ಫೋನು ಮಾಡಿದೆವು. "ಭಾನುವಾರ ಇಟ್ಕೊಬಾರದಿತ್ತಾ ಸಾರ್, ಬೆಳಗ್ಗೆ ಆರರಿಂದ ಏಳು ಫ್ರೀ ಇದ್ದ" ಎಂದರು ಒಬ್ಬ ತಾಯಿ.

ಮೋಹನ್ ಕುಮಾರ್ ಶೆಡ್ಡಿನ ಕಡೆ ನೋಡಿದರು. ನನ್ನ ಮುಖ ನೋಡಿದರು. "ಮೇಷ್ಟ್ರೇ, ಬೇರೆ ದಾರಿಯಿಲ್ಲ."

ದಿನಾ ಓಡಿಸುವ ಮಕ್ಕಳನ್ನು ಕರೆಯಲು ನಾನು ಶೆಡ್ಡಿನ ಮುಂದೆ ಹೋಗಿ ನಿಂತೆ. ದ್ಯಾಮಿ ಆಗತಾನೇ ಸರ್ಕಾರಿ ಶಾಲೆಯಿಂದ ಬಂದು ಚೀಲ ಮೊಳೆಗೆ ನೇತುಹಾಕುತ್ತಿದ್ದಳು. ನನ್ನನ್ನು ನೋಡಿದವಳೇ, "ಇನ್ನಾ ಹೋಗೇ ಇಲ್ರೀ ಸರ ಆಡಾಕ" ಎಂದಳು.

"ಅದಕ್ಕೇ ಬಂದೆ ಕಣಮ್ಮ. ಹೋಗಿ ಆಡಿ. ಎಲ್ಲರ್ನೂ ಕರ್ಕೊಂಡು ಹೋಗು."

ಅವಳು ನಂಬಲಿಲ್ಲ. "ಎಷ್ಟೊತ್ತಿನ ತನಕ?"

"ಎಷ್ಟೊತ್ತು ಬೇಕಾದ್ರೂ ಆಡಿ."

ಆ ಮಾತನ್ನು ಒಂದು ಮಗುವಿಗೆ ನಾನು ಹೇಳಿದ್ದು ಅದೇ ಮೊದಲು. ಹೇಳುವಾಗ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಅಂದು ರಾಗಿಣಿ ಕಾಲೇಜಿನಲ್ಲಿದ್ದಳು. ಟೆಸ್ಟಿಗೆ ಓದಿಕೊಳ್ಳುತ್ತಿದ್ದ ಇಂಚರಾ ಬಾಲ್ಕನಿಯಿಂದ ನೋಡಿದಳು. ನಾನು ತಲೆಯಾಡಿಸಿದೆ. ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದಳು, ಬರಿಗಾಲಲ್ಲಿ.

ಎಂಜಿನಿಯರ್ ಶ್ರೀರಾಮ್ ಬಂದಾಗ ಆಟ ರಂಗೇರಿತ್ತು. ಹೊಂಗೆಯ ಮೇಲೆ ಐದು ಮಕ್ಕಳು, ಗುಂಡಿಯಲ್ಲಿ ಇಬ್ಬರು, ಇಂಚರಾ ಎರಡನೆಯ ಕೊಂಬೆಯಲ್ಲಿ ಜೋತುಬಿದ್ದು ಕಿರುಚುತ್ತಿದ್ದಳು. ಅವಳ ಗಂಟಲಲ್ಲಿ ಅಷ್ಟು ದೊಡ್ಡ ದನಿಯಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಶ್ರೀರಾಮ್ ಫೈಲನ್ನು ಕಂಕುಳಿಗೆ ಸಿಕ್ಕಿಸಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿದರು. ಫೋನು ತೆಗೆದು ಚಿತ್ರ ಹಿಡಿದರು. ಆಮೇಲೆ ದ್ಯಾಮಿಯನ್ನು ಕರೆದು ಕೇಳಿದರು: "ದಿನಾ ಆಡ್ತೀರೇನಮ್ಮ ಇಲ್ಲಿ?"

ಮೋಹನ್ ಕುಮಾರ್ ಆಕಾಶ ನೋಡತೊಡಗಿದರು.

"ದಿನಾ ಆಡ್ತೀವ್ರೀ. ಈ ಸರ ಬಂದು ಸೀಟಿ ಹೊಡಿತಾರ, ಆವಾಗ ನಿಲ್ಲಿಸ್ತೀವಿ."

ಶ್ರೀರಾಮ್ ನನ್ನ ಕಡೆ ತಿರುಗಿ, "ಪಿ.ಟಿ. ಮೇಷ್ಟ್ರಾ ಸಾರ್ ನೀವು? ರಿಟೈರಾದ್ಮೇಲೂ ಮಕ್ಕಳ ಜೊತೆ ಇಷ್ಟು ಶಿಸ್ತಾಗಿ! ನಿಮ್ಮಂಥೋರು ಬೇಕು" ಎಂದು ಕೈ ಕುಲುಕಿದರು. ನಿವೃತ್ತ ದೈಹಿಕ ಶಿಕ್ಷಕರ ಮಾರ್ಗದರ್ಶನದಲ್ಲಿ ಮಕ್ಕಳು ಪ್ರತಿನಿತ್ಯ ಆಡುತ್ತಿರುವುದು ಕಂಡುಬಂದಿದೆ ಎಂದು ವರದಿಯಲ್ಲಿ ಬರೆದರು. ಅದರ ನಕಲು ಈಗಲೂ ನನ್ನ ಬೀರುವಿನಲ್ಲಿದೆ.

ಅಂದು ನಾನು ಸೀಟಿ ಊದಲಿಲ್ಲ. ಮಕ್ಕಳು ಕತ್ತಲಾಗುವವರೆಗೆ ಆಡಿದರು. ಇಂಚರಾ ಮೊಣಕಾಲು ತರಚಿಕೊಂಡು, ಒಂದು ಕಪ್ಪೆ ಮರಿಯನ್ನು ನೀರಿನ ಬಾಟಲಿಯಲ್ಲಿಟ್ಟುಕೊಂಡು ಮನೆಗೆ ಬಂದಳು. ಮರುದಿನದ ಟೆಸ್ಟಿನಲ್ಲಿ ಆರು ಮಾರ್ಕು ಹೋಯಿತು. ತಪ್ಪು ನನ್ನದೆಂದು ಒಪ್ಪಿಕೊಂಡೆ.

ಕಲ್ಯಾಣ ಮಂಟಪದ ಅರ್ಜಿ ಬಿದ್ದುಹೋಯಿತು. ಮಕ್ಕಳ ಪಾರ್ಕ್ ಮಂಜೂರಾಗಿ, ಸುತ್ತ ತಗಡು ನಿಲ್ಲಿಸಿ ಆರು ತಿಂಗಳು ಕೆಲಸ ನಡೆಯಿತು. ತಗಡು ತೆಗೆದಾಗ ನೋಡುತ್ತೇವೆ, ನೆಲಕ್ಕೆಲ್ಲ ಕಲ್ಲು ಹಾಸಿ, ಜಾರುಬಂಡೆಯ ಕೆಳಗೆ ಹಸಿರು ರಬ್ಬರು ಹೊದಿಸಿದ್ದರು. ಹೊಂಗೆಗೆ ಸುಣ್ಣ ಕೆಮ್ಮಣ್ಣು ಬಳಿದು ಸುತ್ತ ಕಬ್ಬಿಣದ ಬೇಲಿ ಹಾಕಿದ್ದರು. ಗಣಿಕೆ ಗಿಡಗಳನ್ನು ಕಳೆ ಎಂದು ಕಿತ್ತಿದ್ದರು. ಗುಂಡಿ ಮುಚ್ಚಿ, ಅದೇ ಜಾಗದಲ್ಲಿ ಬಾಯಿ ತೆರೆದ ಒಂದು ಸಿಮೆಂಟಿನ ಕಪ್ಪೆಯನ್ನು ಕೂರಿಸಿದ್ದರು, ಕಸ ಹಾಕಲು. ಇಂಚರಾ ಅದರ ಬಾಯಲ್ಲಿ ಇಣುಕಿ ನೋಡಿ, "ಇದ್ರ ಮರಿಗಳೆಲ್ಲಿ ತಾತ?" ಎಂದಳು.

ನಿಯಮಗಳ ಫಲಕವನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮರ ಹತ್ತಬಾರದು, ಓಡಬಾರದು, ಕಿರುಚಬಾರದು ಎಂದು ಸಭೆಯಲ್ಲಿ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ನಾಲ್ಕನೆಯದಕ್ಕೆ ಬಂದಾಗ ಮೋಹನ್ ಕುಮಾರ್, "ಬಡಾವಣೆ ನಿವಾಸಿಗಳ ಮಕ್ಕಳಿಗೆ ಮಾತ್ರ ಅಂತ ಹಾಕಿ ಮೇಷ್ಟ್ರೇ. ಇಲ್ದಿದ್ರೆ ಕಂಡಕಂಡೋರು ಬಂದು ಜಾರುಬಂಡೆ ಹಾಳು ಮಾಡ್ತಾರೆ" ಎಂದರು. ನನ್ನ ಪೆನ್ನು ನಿಂತಿತು. ದ್ಯಾಮಿಯ ಹೆಸರು ಹೇಳಬೇಕೆಂದು ಬಾಯಿ ತೆರೆದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಸರಿ, ಬರ್ಕೋತೀನಿ" ಎಂದೆ. ಆಮೇಲೆ ನೋಡಿಕೊಂಡು ಸಡಿಲ ಮಾಡಿದರಾಯಿತು ಎಂದು ಸಮಾಧಾನ ಹೇಳಿಕೊಂಡೆ. ನನ್ನಂಥವರಿಗೆ ಆಮೇಲೆ ಎಂಬುದು ಬಲು ಅನುಕೂಲದ ಮಾತು.

ಫಲಕದ ಮೇಲ್ಗಡೆಗೆ ಒಂದು ಚಿತ್ರ ಬೇಕಿತ್ತು. ನಮ್ಮ ಮಕ್ಕಳು ಆಡುತ್ತಿರುವ ಒಂದೂ ಚಿತ್ರ ಯಾರ ಫೋನಿನಲ್ಲೂ ಇರಲಿಲ್ಲ. ಕೊನೆಗೆ ಶ್ರೀರಾಮ್ ಅವರಿಂದ ಅಂದಿನದನ್ನೇ ತರಿಸಿದರು. ಹೊಂಗೆಯ ಕೊಂಬೆಗೆ ಕಾಲು ಸಿಕ್ಕಿಸಿ ತಲೆಕೆಳಗಾಗಿ ನೇತಾಡುತ್ತ ನಗುವ ದ್ಯಾಮಿ. ಅವಳ ಜಡೆಯ ತುದಿಗೆ ಸರಿಯಾಗಿ ಒಂದನೆಯ ನಿಯಮ ಶುರುವಾಗುತ್ತದೆ.

ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಕೆಲಸ ಮುಗಿದು ಶೆಡ್ಡುಗಳು ಎದ್ದುಹೋದವು. ಉಳಿದ ಮಕ್ಕಳೆಲ್ಲ ಕೆಂಗೇರಿಯ ಕಡೆ ಯಾವುದೋ ಕಟ್ಟಡಕ್ಕೆ ಹೋದರು. ಕೊಟ್ರೇಶ್ ಒಬ್ಬನನ್ನು ನಾನೇ ಹೇಳಿ ಪಾರ್ಕಿನ ಕಾವಲಿಗೆ ಇಡಿಸಿದೆ. ಮೂಲೆಯ ಪಂಪಿನ ಮನೆಯಲ್ಲಿ ಅವನ ಸಂಸಾರ. ದ್ಯಾಮಿ ಇಲ್ಲೇ ಇರುತ್ತಾಳಲ್ಲ ಎಂದು ನನ್ನ ಲೆಕ್ಕಾಚಾರ. ಆದರೆ ಮೊದಲ ದಿನವೇ ಅವಳು ಜಾರುಬಂಡೆ ಹತ್ತಿದಾಗ ಯಾರೋ ಫೋನಿನಲ್ಲಿ ಫಲಕದ ಫೋಟೋ ಹಿಡಿದು, ನಾಲ್ಕನೆಯ ನಿಯಮಕ್ಕೆ ಅಡಿಗೆರೆ ಎಳೆದು ಸಂಘದ ಮೊಬೈಲ್ ಗುಂಪಿಗೆ ಕಳಿಸಿದರು. ಕೊಟ್ರೇಶ್ ಹೊಸ ಖಾಕಿ ಅಂಗಿಯಲ್ಲಿ ಹೋಗಿ ಮಗಳ ತೋಳು ಹಿಡಿದು ಇಳಿಸಿದ. ಅವನಿಗೊಂದು ಸೀಟಿ ಬೇಕಾಗಿತ್ತು. ನನ್ನದನ್ನೇ ಕೊಟ್ಟೆ.

ಪಾರ್ಕಿನಲ್ಲಿ ಕ್ಯಾಮರಾ ಇರುವುದರಿಂದ ರಾಗಿಣಿ ಈಗ ಇಂಚರಾಗೆ ದಿನಾ ಅರ್ಧ ಗಂಟೆ ಬಿಟ್ಟಳು. ಫ್ರಿಜ್ಜಿನ ಮೇಲಿನ ಪಟ್ಟಿಯಲ್ಲಿ ನಾಲ್ಕೂವರೆಯಿಂದ ಐದು: ಆಟ. ಇಂಚರಾ ಒಬ್ಬಳೇ ಜಾರುಬಂಡೆ ಹತ್ತಿ ಇಳಿಯುತ್ತಿದ್ದಳು. ಬೇರೆ ಮಕ್ಕಳು ಬರುತ್ತಿರಲಿಲ್ಲ. ಬಂದರೂ ಚಿತ್ರ ತೆಗೆಸಿಕೊಂಡು ಕ್ಲಾಸಿಗೆ ಹೋಗುತ್ತಿದ್ದರು. ದ್ಯಾಮಿ ಪಂಪಿನ ಮನೆಯ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ನಾಲ್ಕೈದು ದಿನಕ್ಕೆ ಇಂಚರಾ ಜಾರುಬಂಡೆ ಬಿಟ್ಟು ಹೊಸ್ತಿಲಿಗೆ ಹೋದಳು. ಇಬ್ಬರೂ ಐದು ಕಲ್ಲು ಹಿಡಿದು ಕಲ್ಲಾಟ ಆಡತೊಡಗಿದರು.

ರಾಗಿಣಿ ಅದನ್ನು ಕಂಡಳು. ಬಯ್ಯುವಳೇನೋ ಎಂದುಕೊಂಡೆ. ಅವಳು ಅಂಥವಳಲ್ಲ. "ಪಾಪ ಮಾವ, ಎಂಥಾ ಚುರುಕು ಹುಡುಗಿ, ಇಡೀ ಸಂಜೆ ಸುಮ್ನೆ ಕೂತಿರ್ತಾಳೆ. ನಾನು ಲೆಕ್ಕ ಹೇಳ್ಕೊಡ್ತೀನಿ, ಫ್ರೀಯಾಗಿ" ಎಂದಳು. ಕೊಟ್ರೇಶ್ ಕಣ್ಣೀರು ಹಾಕಿಕೊಂಡು ಕೈಮುಗಿದ. ನನಗೂ ಸೊಸೆಯ ಬಗ್ಗೆ ಹೆಮ್ಮೆಯಾಯಿತು. ನಾಲ್ಕೂವರೆಗೆ ದ್ಯಾಮಿ ನಮ್ಮ ಮನೆಗೆ ಬಂದು ಲೆಕ್ಕ ಮಾಡತೊಡಗಿದಳು. ಆ ಹೊತ್ತು ಇಂಚರಾಳ ಆಟದ ಹೊತ್ತೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಇಂಚರಾಗೆ ಹೊಳೆದಿತ್ತು. ಅವಳು ಮತ್ತೆ ಒಬ್ಬಳೇ ಜಾರುಬಂಡೆ ಹತ್ತಿದಳು.

ಹೋದ ವಾರ ಮೋಹನ್ ಕುಮಾರ್ ಓಡೋಡಿ ಬಂದರು. ಮಕ್ಕಳು ಅತಿ ಹೆಚ್ಚು ಬಳಸುವ ಪಾರ್ಕಿಗೆ ಪ್ರಶಸ್ತಿಯಂತೆ, ನಾಳೆ ಸಂಜೆ ನಾಲ್ಕೂವರೆಗೆ ನೋಡಲು ಬರುತ್ತಾರಂತೆ. "ಆ ಹುಡುಗೀನ ಒಂದ್ ಗಂಟೆ ಬಿಡಿ ಮೇಷ್ಟ್ರೇ, ನಿಮ್ ಮೊಮ್ಮಗಳ ಜೊತೆ. ಇಬ್ರು ಇದ್ರೆ ಇನ್ನಷ್ಟು ಜನ ಬರ್ತಾರೆ."

ಈ ಸಲ ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು. "ಒಂದು ಗಂಟೆಗಾದ್ರೆ ಆಗಲ್ಲ. ನಾಲ್ಕನೇ ರೂಲ್ಸು ಅಳಿಸೋದಾದ್ರೆ ಅವಳನ್ನ ಕೇಳ್ತೀನಿ" ಎಂದೆ. ಅವರಿಗೆ ಪ್ರಶಸ್ತಿ ಬೇಕಿತ್ತು, ಅಳಿಸಿ ಎಂದರು. ನಾನೇ ಡಬ್ಬಿ ಬಣ್ಣ ತಂದು, ಕುರ್ಚಿ ಹಾಕಿಕೊಂಡು ನಿಂತು, ನನ್ನ ದುಂಡಗಿನ ಅಕ್ಷರದ ಮೇಲೆ ಬಿಳಿ ಬಳಿದೆ. ಮೇಲೆ ದ್ಯಾಮಿ ತಲೆಕೆಳಗಾಗಿ ನಗುತ್ತಿದ್ದಳು. ಇಂಚರಾ ಕೆಳಗೆ ನಿಂತು ಕುರ್ಚಿ ಹಿಡಿದುಕೊಂಡಿದ್ದಳು.

"ಅವಳು ಇನ್ಮೇಲೆ ದಿನಾ ಬರ್ಬಹುದಾ ತಾತ?"

"ದಿನಾ ಬರ್ಬಹುದು."

ಅವಳು ಕುರ್ಚಿ ಬಿಟ್ಟು ಲಗೋರಿಗೆ ಕಲ್ಲು ಆರಿಸಲು ಓಡಿದಳು. ಹಾಸುಗಲ್ಲಿನ ನಡುವೆ ಕಲ್ಲು ಎಲ್ಲಿ ಸಿಗಬೇಕು. ಆದರೂ ಹುಡುಕಿ ಏಳು ಪೇರಿಸಿದಳು.

ನಾನು ಪಂಪಿನ ಮನೆಗೆ ಹೋದೆ. ದ್ಯಾಮಿ ಎಣ್ಣೆ ಹಚ್ಚಿ ತಲೆ ಬಾಚಿ, ನೋಟ್‌ಬುಕ್ಕನ್ನು ಎದೆಗವಚಿಕೊಂಡು ನಮ್ಮ ಮನೆಗೇ ಹೊರಟು ನಿಂತಿದ್ದಳು. ವಿಷಯ ಹೇಳಿದೆ. ನಾಳೆಯಿಂದ ಯಾರೂ ತಡೆಯುವುದಿಲ್ಲ, ಮರ ಹತ್ತಿದರೂ ನಾನು ನೋಡಿಕೊಳ್ಳುತ್ತೇನೆ ಎಂದೆ. ಅವಳು ಹೊಂಗೆಯ ಕಡೆ ಒಂದು ಸಲ ನೋಡಿದಳು. ಆಮೇಲೆ ದೊಡ್ಡವರ ಹಾಗೆ ಅಡ್ಡಡ್ಡ ತಲೆಯಾಡಿಸಿದಳು.

"ಆಗಂಗಿಲ್ರೀ ಸರ. ನಾಳೆ ಭಾಗಾಕಾರ ಐತಿ."

"ಒಂದಿನ ಬಿಟ್ರೆ ಏನಾಗತ್ತಮ್ಮ? ರಾಗಿಣಿಗೆ ನಾನು ಹೇಳ್ತೀನಿ. ಇಂಚರಾ ಕಾಯ್ತಿದಾಳೆ."

"ಒಂದಿನ ಅಂತ ಬಿಟ್ರ ಹೆಂಗ್ರೀ?" ಎಂದಳು ದ್ಯಾಮಿ. "ಪೋರ್ಷನ್ ಮುಗ್ದಿಲ್ರೀ ಸರ."

ಓದಬೇಡ ಎಂದು ಮಗುವಿಗೆ ಹೇಗೆ ಹೇಳುವುದು? ಅದೂ ಕೊಟ್ರೇಶನ ಮಗಳಿಗೆ, ಅದೂ ನಾನು? ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಮೂವತ್ತೊಂದು ವರ್ಷದ ರೂಢಿ, ಅದು ತಾನಾಗಿಯೇ ಬಂತು.

"ತಗೊಳ್ಳಿ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಸಿಮೆಂಟಿನ ಕಪ್ಪೆಯನ್ನು ದಾಟಿ, ಏಳು ಕಲ್ಲು ಪೇರಿಸಿಕೊಂಡು ನಿಂತಿದ್ದ ಇಂಚರಾಳ ಪಕ್ಕದಲ್ಲೇ ಹಾದು, ಲೆಕ್ಕಕ್ಕೆ ಹೋದಳು.